ಎಂಜಲು ವಾದ್ಯ

ರಾಮಸ್ವಾಮಿಯ ಹೆಸರು ಕಿವಿಗೆ ಬಿದ್ದಾಗ ನಾನು ಹಪ್ಪಳ ಒತ್ತುತ್ತಿದ್ದೆ. ಲಟ್ಟಣಿಗೆ ಅಲ್ಲೇ ನಿಂತುಹೋಯಿತು.

"ಯಾವ ರಾಮಸ್ವಾಮಿ?" ಎಂದೆ.

"ಇನ್ಯಾವ ರಾಮಸ್ವಾಮಿಗಳಮ್ಮ? ಮರದ ಕಂಟ್ರಾಕ್ಟ್ರು. ಈಗ ನಮ್ಮ ಕ್ಲಬ್ಬಿಗೆ ಅವರೇ ಪ್ರೆಸಿಡೆಂಟು," ಎಂದ ಚೆಲುವರಾಜು.

ಚೆಲುವರಾಜು ದೊಡ್ಡವರು ಸೇರುವ ಒಂದು ಕ್ಲಬ್ಬಿನ ಗುಮಾಸ್ತ. ಕೃಷ್ಣಮೂರ್ತಿಪುರಂನ ನಮ್ಮ ಮನೆ ಹುಡುಕಿಕೊಂಡು, ನಮ್ಮವರ ಬ್ಯಾಂಡು ಗೊತ್ತುಮಾಡಲು ಬಂದಿದ್ದ. ನಮ್ಮವರು ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು ಊದುತ್ತಿದ್ದವರು. ಸಂಸ್ಥಾನ ಹೋದ ಮೇಲೆ ಅರಮನೆಯಲ್ಲಿ ನುಡಿಸುವ ಸಂದರ್ಭಗಳೇ ಕಡಿಮೆಯಾದವು. ಆಮೇಲೆ ಡ್ರಮ್ಮಿನ ಬಸವರಾಜು, ಬೆಂಗಳೂರು ದಂಡಿನ ಒಂದಿಬ್ಬರು, ಇವರು ಸೇರಿ ಜಾಝ್ ಶುರುಮಾಡಿದ್ದರು. ಹೋಟೆಲು, ಟೀ ಪಾರ್ಟಿ, ಎಲ್ಲಿ ಕರೆದರೆ ಅಲ್ಲಿ.

"ಕಾವೇರಿ ಮೇಲೆ ದೋಣೀಲಿ ಪಾರ್ಟಿ ಕಣಮ್ಮ. ಸಂಜೆ ಹೊತ್ತು ತೇಲ್ಕೊಂಡು ಹೋಗೋದು, ಜಾಝ್ ಕೇಳೋದು, ಊಟ ಮಾಡೋದು. ಬೊಂಬಾಯಿಂದ ಒಬ್ರು ದೊಡ್ಡೋರು ಬತ್ತಾವ್ರೆ, ನಂಜುಂಡಯ್ಯ ಅಂತ, ಮಿಲ್ಲಿನ ಮ್ಯಾನೇಜ್ರು. ಅವರ ಮಗಳನ್ನ ನಮ್ಮ ಪ್ರೆಸಿಡೆಂಟ್ರು ಮಗನಿಗೆ ತಂದ್ಕಬೇಕು ಅಂತ," ಎಂದು ಚೆಲುವರಾಜು ದನಿ ಇಳಿಸಿದ. "ಆ ಹುಡುಗಿಗೆ ಜಾಝ್ ಅಂದ್ರೆ ಪ್ರಾಣವಂತೆ. ಸಂಗೀತ ಬರೋ ಗಂಡನ್ನೇ ಕಟ್ಕೊಳ್ಳೋದು ಅಂದ್ಬುಟ್ಟವ್ಳಂತೆ. ಅದಕ್ಕೆ ನಮ್ಮ ಪ್ರೆಸಿಡೆಂಟ್ರು, ನಮ್ಮ ಸುಂದರೇಶ ಸ್ಯಾಕ್ಸೋಫೋನ್ ನುಡಿಸ್ತಾನೆ ಅಂತ ಬರೆದುಬುಟ್ಟವ್ರೆ! ಅವನಿಗೆ ಪೀಪಿ ಊದೋಕೂ ಬರಾಕಿಲ್ಲ."

"ನುಡಿಸು ಅಂದರೆ?"

"ಯಾರಮ್ಮ ಕೇಳ್ತಾರೆ? ಕೇಳಿದ್ರೆ, ವಾದ್ಯ ಕೆಟ್ಟೈತೆ, ರಿಪೇರಿಗೆ ಹೋಗೈತೆ ಅಂತಾರೆ. ಅದಿರ್ಲಿ. ಬೊಂಬಾಯಿಯೋರಿಗೆ ಕಟ್ಲೆಟ್ಟು ಸಾಕಾಗೋಗದಂತೆ, ಮನೆ ಅಡಿಗೆ ಬೇಕಂತೆ. ನಿಮ್ಮ ಕೈರುಚಿ ಊರಿಗೇ ಗೊತ್ತು. ನೀವೇ ಮಾಡಿಕೊಡ್ತೀರಾ?"

"ಮಾಡಿಕೊಡ್ತೀನಿ," ಎಂದೆ. "ಮಾಡಿಕೊಡೋದು ಮಾತ್ರ ಅಲ್ಲ, ಬಂದು ನಾನೇ ಬಡಿಸ್ತೀನಿ ಅಂತ ಹೇಳು."

ಪಡಸಾಲೆಯ ಬೆಂಚಿನ ಮೇಲಿದ್ದ ನಮ್ಮವರು ತಲೆ ಎತ್ತಿ ನನ್ನ ಮುಖ ನೋಡಿದರು. ನಾನು ಹಪ್ಪಳ ಒತ್ತತೊಡಗಿದೆ. ಆವತ್ತು ಒತ್ತಿದ ಹಪ್ಪಳದಷ್ಟು ತೆಳ್ಳನೆಯ ಹಪ್ಪಳ ನಾನು ಮತ್ತೆಂದೂ ಒತ್ತಲಿಲ್ಲ.

ಆ ರಾಮಸ್ವಾಮಿ ಯಾರು ಎಂದು ಹೇಳದಿದ್ದರೆ ನನ್ನ ಹೊಟ್ಟೆಯುರಿ ನಿಮಗೆ ತಿಳಿಯುವುದಿಲ್ಲ. ಅವನು ನಮ್ಮ ಬೀಗನಾಗಬೇಕಿದ್ದವನು. ಬಹುವಚನ ಹಾಕಿ ಮಾತಾಡಲು ನನಗೆ ನಾಲಗೆ ಹೊರಳುವುದಿಲ್ಲ, ಕ್ಷಮಿಸಿ.

ನಮಗಿರುವವಳು ಒಬ್ಬಳೇ ಮಗಳು, ಕಮಲ. ಕೆಲವು ವರ್ಷಗಳ ಹಿಂದೆ ಅವಳನ್ನು ಇದೇ ಸುಂದರೇಶನಿಗೆ ಕೊಡುವುದೆಂದು ಗೊತ್ತಾಗಿತ್ತು. ಸಂಬಂಧ ತಂದವರು ಹುಡುಗಿಯ ತಂದೆ 'ಅರಮನೆಯ ವಿದ್ವಾಂಸರು' ಎಂದಿದ್ದರು. ನಮ್ಮ ಜನಕ್ಕೆ ವಿದ್ವಾಂಸರೆಂದರೆ ವೀಣೆ, ಇಲ್ಲವೇ ಪಿಟೀಲು. ರಾಮಸ್ವಾಮಿ ವೀಣೆಯೆಂದುಕೊಂಡ. ನಾವು ಅವನಿಗೆ ಗೊತ್ತಿದೆ ಎಂದುಕೊಂಡೆವು. ನಿಶ್ಚಿತಾರ್ಥ ಆಯಿತು, ಛತ್ರ ಹಿಡಿದದ್ದಾಯಿತು, ಧಾರೆ ಸೀರೆಗೆ ಕುಚ್ಚು ಕಟ್ಟಿದ್ದೂ ಆಯಿತು. ಒಬ್ಬರಾದರೂ ಬಾಯಿಬಿಟ್ಟು ಕೇಳಲಿಲ್ಲ.

ವರಪೂಜೆಯ ಸಂಜೆ ಅರಮನೆಯ ಬ್ಯಾಂಡಿನ ಗೆಳೆಯರೆಲ್ಲ ಸಮವಸ್ತ್ರ ಹಾಕಿಕೊಂಡು ತಾವಾಗಿಯೇ ಬಂದರು. ಗೆಳೆಯನ ಮಗಳ ಮದುವೆ ಎಂದು ಛತ್ರದ ಬಾಗಿಲಲ್ಲಿ ನುಡಿಸಿದರು. ಇವರಿಗೆ ಸಂತೋಷ ತಡೆಯಲಿಲ್ಲ. ರೇಷ್ಮೆ ಪಂಚೆ, ಜರಿ ಪೇಟದಲ್ಲೇ ಹೋಗಿ ಸ್ಯಾಕ್ಸೋಫೋನು ಎತ್ತಿಕೊಂಡು ಊದಿಬಿಟ್ಟರು. ಕಮಲ ಒಳಗಿನಿಂದ ಇಣುಕಿ ನೋಡಿ ನಗುತ್ತಿದ್ದಳು. ಎಂಥ ನಗು ಅದು!

ರಾಮಸ್ವಾಮಿ ಆಗ ಕಾಲು ತೊಳೆಸಿಕೊಂಡು ಕುಳಿತು, ಪಾನಕದ ಲೋಟ ಎತ್ತಿದ್ದ. ಲೋಟವನ್ನು ಕೆಳಗಿಟ್ಟ. ಅಷ್ಟೂ ಜನರ ಮುಂದೆ ಕೇಳಿದ: "ಊದೋ ವಾದ್ಯವೇ? ಬಾಯಿಗೆ ಕಚ್ಚಿಕೊಂಡು ಎಂಜಲು ಮಾಡೋ ಮನೆ ಹೆಣ್ಣನ್ನ ನನ್ನ ದೇವರ ಮನೆಗೆ ತರಲೇ?" ನಾವು ಕಾಲು ಹಿಡಿದೆವು. ಅವನು ಪಾನಕವನ್ನು ಮೋರಿಗೆ ಚೆಲ್ಲಿಸಿದ, ಬಾಯಿ ಮುಕ್ಕಳಿಸಿದ, ಎದ್ದು ಹೋದ. ಮದುಮಗ ಎನ್ನಿಸಿಕೊಂಡವನು ಬಾಸಿಂಗದಷ್ಟು ದೊಡ್ಡ ಮುಖ ಹೊತ್ತುಕೊಂಡು ಅಪ್ಪನ ಹಿಂದೆ ನಡೆದ. ಒಂದು ಸಲ ತಿರುಗಿಯೂ ನೋಡಲಿಲ್ಲ.

ಆಮೇಲೆ ಬಂದ ಗಂಡುಗಳೆಲ್ಲ "ಆ ವರಪೂಜೆಯಲ್ಲಿ ಮುರಿದ ಹುಡುಗಿಯೇ?" ಎಂದು ಕೇಳಿಕೊಂಡು ಹಿಂದೆ ಹೋದವರೇ. ಕಮಲ ಈಗ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಂ. ಇವರು ಆವತ್ತಿನಿಂದ ಮನೆಯೊಳಗೆ ವಾದ್ಯ ಮುಟ್ಟಲಿಲ್ಲ. ಅಭ್ಯಾಸಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೋಗುವರು. "ನಾನು ಆವತ್ತು ಊದದಿದ್ದರೆ..." ಎಂದು ಒಂದು ದಿನವೂ ಬಾಯಿಬಿಟ್ಟು ಅಂದವರಲ್ಲ. ಆದರೆ ಆ ಮಾತು ನಮ್ಮ ಮನೆಯಲ್ಲಿ ನಮ್ಮ ಜೊತೆಗೇ ಉಂಡು ಮಲಗುತ್ತಿತ್ತು.

ರೀಡಿನ ವಿಷಯವನ್ನೂ ಈಗಲೇ ಹೇಳಿಬಿಡಬೇಕು. ಸ್ಯಾಕ್ಸೋಫೋನಿನ ಬಾಯಿಗಿಡುವ ತುದಿಗೆ ಬೆತ್ತದ್ದೊಂದು ತೆಳ್ಳನೆಯ ಸೀಳು ಕಟ್ಟುತ್ತಾರೆ. ಅದೇ ರೀಡು. ಅದು ಒಣಗಿದ್ದರೆ ದನಿ ಹೊರಡುವುದಿಲ್ಲ, ನುಡಿಸುವ ಮುಂಚೆ ಬಾಯಲ್ಲಿಟ್ಟುಕೊಂಡು ಎಂಜಲಲ್ಲಿ ನೆನೆಸಬೇಕು. ಬಾಯಲ್ಲಿ ರೀಡು ಇದ್ದಾಗ ನಾನು ಎಷ್ಟು ಬೈದರೂ ಇವರಿಂದ ಉತ್ತರವಿಲ್ಲ. ನಮ್ಮ ಸಂಸಾರ ನೆಟ್ಟಗೆ ನಡೆದದ್ದಕ್ಕೆ ಅದೂ ಒಂದು ಕಾರಣ. ಕಮಲ ಚಿಕ್ಕವಳಿದ್ದಾಗ ಆ ಕೆಲಸ ಅವಳದಾಗಿತ್ತು. ಅಪ್ಪ ಕೋಟು ಹಾಕಿಕೊಳ್ಳುವಷ್ಟರಲ್ಲಿ ರೀಡನ್ನು ಬಾಯಲ್ಲಿಟ್ಟುಕೊಂಡು, ಕೆನ್ನೆ ಉಬ್ಬಿಸಿಕೊಂಡು ಮನೆಯೆಲ್ಲ ಓಡಾಡುವಳು. "ಅಪ್ಪಾ, ನೆಂದಿದೆ" ಎಂದು ತಂದುಕೊಡುವಳು. ಆ ವರಪೂಜೆಯ ಸಂಜೆಯ ರೀಡನ್ನೂ ಅವಳೇ ನೆನೆಸಿಕೊಟ್ಟಿದ್ದಳು, ಮದುಮಗಳ ಅಲಂಕಾರದಲ್ಲಿ. ಅದೇ ಕೊನೆ.

ಒಳ್ಳೆಯ ರೀಡು ಪರದೇಶದಿಂದ ಬರಬೇಕು. ಈಗ ಅದೂ ನಿಂತುಹೋಗಿ ಇವರ ಹತ್ತಿರ ಉಳಿದಿದ್ದದ್ದು ಒಂದೇ ಒಂದು. ಉಳಿದವೆಲ್ಲ ಬ್ಲೇಡಿನಲ್ಲಿ ಹೆರೆದು ಹೆರೆದು ಹೆಣ ಬಿದ್ದಿದ್ದವು. ಒಳ್ಳೆಯದನ್ನು ಹತ್ತಿಯಲ್ಲಿ ಸುತ್ತಿ, ದೊಡ್ಡ ಕಚೇರಿಗೆ ಮಾತ್ರ ತೆಗೆಯುತ್ತಿದ್ದರು.

ಚೆಲುವರಾಜು ಹೋದ ಮೇಲೆ ನಾನೇ ಜಗಳ ತೆಗೆದೆ.

"ಅವನ ಪಾರ್ಟಿಗೆ ನೀವು ಊದೋದೇ? ನಾಚಿಕೆ ಆಗಲ್ವೇನ್ರೀ?"

"ನನ್ನ ಕೆಲಸ ಊದೋದು ಕಣೇ. ಯಾರ ಕಿವಿ ಅಂತ ನೋಡಿ ಊದಕ್ಕಾಗುತ್ಯೇ?" ಎಂದರು. ಆಮೇಲೆ ಮೆಲ್ಲಗೆ, "ನೀನು ಬರೋದಾದರೆ ಒಂದು ಮಾತು ಕೊಡು. ಅಲ್ಲಿ ಹಳೇ ಕಥೆ ಎತ್ತಕೂಡದು. ಕಮಲನ ಹೆಸರು ಅವರ ಬಾಯಿಗೆ ಮತ್ತೆ ಬೀಳೋದು ಬೇಡ."

"ಆಯ್ತು. ಹಳೇ ಕಥೆ ನಾನು ಎತ್ತಲ್ಲ," ಎಂದೆ. ಹೊಸ ಕಥೆ ಮಾಡುವುದಿಲ್ಲ ಎಂದು ನಾನು ಮಾತು ಕೊಡಲಿಲ್ಲ.

ಆ ವಾರವೆಲ್ಲ ನನಗೆ ಅದೇ ಧ್ಯಾನ. ಹುಳಿಗೆ ಭೇದಿಗುಳಿಗೆ ಅರೆದು ಹಾಕಲೇ ಎಂದೂ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆದರೆ ಅನ್ನಕ್ಕೆ ದ್ರೋಹ ಬಗೆಯಲು ಕೈ ಬರಲಿಲ್ಲ. ಅಲ್ಲದೆ ಅವನು ಕೆಡಬೇಕಾದದ್ದು ಹೊಟ್ಟೆಯಲ್ಲಲ್ಲ. ನಾಲ್ಕು ಜನರ ಮುಂದೆ ನಮ್ಮ ಮಾನ ಕಳೆದವನು, ನಾಲ್ಕು ಜನರ ಮುಂದೆಯೇ ಅದೇ ಎಂಜಲನ್ನು ಬಾಯಿಗೆ ಹಾಕಿಕೊಳ್ಳಬೇಕು. ಅದನ್ನು ಕಣ್ಣಾರೆ ನೋಡಬೇಕು. ಅಷ್ಟಾದರೆ ಚಾಮುಂಡಿ ಬೆಟ್ಟಕ್ಕೆ ಬರಿಗಾಲಲ್ಲಿ ಹತ್ತಿ ಬರುತ್ತೇನೆ ಎಂದು ಹರಕೆ ಹೊತ್ತೆ. ದೇವಿ ಇಂಥ ಹರಕೆ ಕೇಳಿಸಿಕೊಳ್ಳುತ್ತಾಳೋ ಇಲ್ಲವೋ ಎಂಬ ಅನುಮಾನವಿತ್ತು. ಅವಳೂ ಮಹಿಷನನ್ನು ಸುಮ್ಮನೆ ಬಿಟ್ಟವಳಲ್ಲ ಎಂದು ಧೈರ್ಯ ತಂದುಕೊಂಡೆ.

ಶ್ರೀರಂಗಪಟ್ಟಣದ ಈಚೆ, ಕಟ್ಟೆಯ ಹಿಂದೆ ಹೊಳೆ ಅಗಲವಾಗಿ ನಿಂತಿರುವ ಕಡೆ, ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ್ದರು. ಸುತ್ತ ಮಾವಿನ ತೋರಣ, ಮೂಲೆಗಳಲ್ಲಿ ಪೆಟ್ರೋಮ್ಯಾಕ್ಸ್, ನಡುವೆ ಬಿಳಿ ಬಟ್ಟೆ ಹೊದಿಸಿದ ಮೇಜುಗಳು. ಒಂದು ತುದಿಯಲ್ಲಿ ಬ್ಯಾಂಡು, ಇನ್ನೊಂದು ತುದಿಯಲ್ಲಿ ನಾನು ಮತ್ತು ನನ್ನ ಪಾತ್ರೆಗಳು. ಅಂಬಿಗ ಮರಿಯಯ್ಯ ಬಿದಿರಿನ ಗಳ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ.

"ಅವ್ವಾ, ಗಮಗಮ ಅಂತೈತೆ. ನಂಗೂ ಒಸಿ ಮಡಗಿ," ಎಂದ.

"ನಿನಗೆ ಮಡಗದೆ ಯಾರಿಗಪ್ಪ ಮಡಗಲಿ? ದೋಣಿ ಮುಳುಗಿಸಬೇಡ, ಅಷ್ಟು ಸಾಕು," ಎಂದೆ.

ರಾಮಸ್ವಾಮಿ ಸೂಟು ಹಾಕಿಕೊಂಡು ಬಂದ. ಹಣೆಯ ಮೇಲಿನ ಗಂಧ ಮಾತ್ರ ಹಾಗೇ ಇತ್ತು. ಹತ್ತಿರ ಬಂದು ನಮ್ಮವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಗಟ್ಟಿಯಾಗಿ ಊದ್ರಿ. ನಿಲ್ಲಿಸಕೂಡದು," ಎಂದು ಹೇಳಿ ಹೋಗಿಬಿಟ್ಟ. ಗುರುತೇ ಇಲ್ಲ! ನಮ್ಮ ಮನೆಯ ದೀಪ ಆರಿಸಿ ಹೋದವನಿಗೆ ನಮ್ಮ ಮುಖಗಳೇ ನೆನಪಿಲ್ಲ. ಅವನು ಗುರುತು ಹಿಡಿದು ಮುಖ ತಿರುಗಿಸಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಸುಂದರೇಶ ಕೂದಲಿಗೆ ಎಣ್ಣೆ ಮೆತ್ತಿ, ಅಪ್ಪನ ಕಣ್ಸನ್ನೆ ಕಾಯುತ್ತ ನಿಂತಿದ್ದ. ಇನ್ನೂ ಅದೇ ಬುದ್ಧಿ. ನಂಜುಂಡಯ್ಯ ದಪ್ಪ ಕನ್ನಡಕದ, ನಗುಮುಖದ ಮನುಷ್ಯ. ಅವರ ಮಗಳು ತಿಳಿ ಹಸಿರು ಸೀರೆಯುಟ್ಟು, ಬಂದವಳೇ ಬ್ಯಾಂಡಿನ ಎದುರು ಕುರ್ಚಿ ಎಳೆದುಕೊಂಡು ಕುಳಿತಳು. ಕ್ಲಬ್ಬಿನ ಇತರ ಗಣ್ಯರೂ, ಅವರ ಹೆಂಡತಿಯರೂ ಹತ್ತಿದರು. ಹೊತ್ತು ಮುಳುಗುತ್ತಿತ್ತು. ಮರಿಯಯ್ಯ ಗಳ ಊರಿದ, ದೋಣಿ ಹೊರಟಿತು.

ನಮ್ಮವರು ಹತ್ತಿ ಬಿಚ್ಚಿ ಆ ಒಳ್ಳೆಯ ರೀಡನ್ನು ಬಾಯಲ್ಲಿಟ್ಟುಕೊಂಡರು. ನಾನು ದೂರದಿಂದಲೇ ಕಣ್ಣರಳಿಸಿದೆ: ಇವನಿಗಾಗಿ ಅದನ್ನೇಕೆ ತೆಗೆದಿರಿ? ಬಾಯಲ್ಲಿ ರೀಡು, ಉತ್ತರ ಎಲ್ಲಿಂದ ಬರಬೇಕು. ಆಮೇಲೆ ನುಡಿಸಿದರು. ಅಯ್ಯೋ, ಹೇಗೆ ನುಡಿಸಿದರು ಎಂದರೆ, ಜಾಝ್ ಎಂದರೆ ಗಲಾಟೆ ಎನ್ನುತ್ತಿದ್ದ ನಾನೇ ಸೌಟು ಹಿಡಿದು ನಿಂತುಬಿಟ್ಟೆ. ಒಮ್ಮೆ ತುಂಟ ಹುಡುಗನ ಹಾಗೆ ಕುಣಿಯುವುದು, ಒಮ್ಮೆ ಹೊಳೆಯ ನಡುವೆ ಒಬ್ಬರೇ ಕೂತು ಅಳುವ ಹಾಗೆ ಎಳೆಯುವುದು. ಆ ಹುಡುಗಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು.

ಊಟ ಬಡಿಸಿದೆ. ಬಿಸಿಬೇಳೆ ಹುಳಿಅನ್ನ, ಆಂಬೊಡೆ, ಹಪ್ಪಳ, ಕಾಯಿ ಹೋಳಿಗೆ, ಮೊಸರನ್ನ. ರಾಮಸ್ವಾಮಿ ಹುಳಿಅನ್ನವನ್ನು ಮತ್ತೆ ಮತ್ತೆ ಹಾಕಿಸಿಕೊಂಡ. "ಯಾರಮ್ಮ ನೀವು? ಅಮೃತ ಕಣ್ರೀ ಅಮೃತ!" ಎಂದು ಬೆರಳು ನೆಕ್ಕಿದ. "ತಿನ್ನಿ ಸ್ವಾಮಿ, ಸಂಕೋಚ ಬೇಡ," ಎಂದು ಹೋಳಿಗೆಯ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಸುರಿದೆ.

ಆಮೇಲೆ ಆ ಹುಡುಗಿಯ ಹತ್ತಿರ ಹೋಳಿಗೆ ತೆಗೆದುಕೊಂಡು ಹೋದೆ. ಬಗ್ಗಿ ಬಡಿಸುತ್ತ, "ಈ ವಾದ್ಯ ನಿಮಗೆ ಇಷ್ಟವೇನಮ್ಮ?" ಎಂದು ಕೇಳಿದೆ.

"ತುಂಬಾ ಇಷ್ಟ. ಅವರು ಎಷ್ಟು ಚೆನ್ನಾಗಿ ನುಡಿಸ್ತಾರೆ!"

"ನಮ್ಮ ಸುಂದರೇಶಪ್ಪನವರೂ ಇದನ್ನೇ ನುಡಿಸ್ತಾರಂತಲ್ಲ. ಮೈಸೂರಲ್ಲಿ ಇಬ್ಬರೇ ಸಿಕ್ಕೋದು ಇಂಥೋರು. ಇಷ್ಟು ದೂರ ಬಂದಿದ್ದೀರಿ, ಒಂದು ಸಲ ಕೇಳಬಾರದೇ?"

ಅವಳು ಚಪ್ಪಾಳೆ ತಟ್ಟಿ ಎದ್ದೇ ಬಿಟ್ಟಳು. "ಅಪ್ಪಾ, ಇವರು ನುಡಿಸಲಿ!"

ಸುಂದರೇಶನ ಕೈಯಲ್ಲಿದ್ದ ಹೋಳಿಗೆ ತಟ್ಟೆಗೆ ಬಿತ್ತು. ರಾಮಸ್ವಾಮಿ ನಕ್ಕ. "ಅವನ ವಾದ್ಯ ರಿಪೇರಿಗೆ ಹೋಗಿದೆಯಮ್ಮ. ಇಲ್ಲದಿದ್ದರೆ ನಿಲ್ಲಿಸೋದೇ ಕಷ್ಟವಾಗ್ತಿತ್ತು."

"ಅಷ್ಟೇ ತಾನೆ?" ಎಂದೆ ನಾನು, ಹೋಳಿಗೆಯ ತಟ್ಟೆ ಹಿಡಿದುಕೊಂಡೇ. "ಇಲ್ಲೇ ಒಂದು ಇದೆಯಲ್ಲ. ಕೇಳಿದರೆ ಇವರು ಕೊಡ್ತಾರೆ."

ನಮ್ಮವರು ಬಾಯಿಂದ ವಾದ್ಯ ತೆಗೆದು ನನ್ನನ್ನೇ ದಿಟ್ಟಿಸಿದರು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಕಣ್ಣಿನ ಭಾಷೆ ಗೊತ್ತಿರುವುದಿಲ್ಲವೇ? ಎಲ್ಲ ತಿಳಿಯಿತು ಅವರಿಗೆ. ಒಂದು ಗಳಿಗೆ, ಇವರು ಎಲ್ಲಿ ಒಳ್ಳೆಯತನ ತೋರಿಸಿ ಕೆಡಿಸಿಬಿಡುತ್ತಾರೋ ಎಂದು ನನ್ನ ಪ್ರಾಣ ಹೋಯಿತು. ಅವರು ಕೊರಳಿನ ಪಟ್ಟಿ ಬಿಚ್ಚಿ, ಸ್ಯಾಕ್ಸೋಫೋನನ್ನು ಎರಡು ಕೈಯಲ್ಲಿ ಮುಂದೆ ಹಿಡಿದರು. ತುದಿಯಲ್ಲಿ ರೀಡು ಇನ್ನೂ ಒದ್ದೆಯಾಗಿ, ದೀಪದ ಬೆಳಕಿಗೆ ಹೊಳೆಯುತ್ತಿತ್ತು.

"ತಗೊಳ್ಳಿ," ಎಂದರು.

ರಾಮಸ್ವಾಮಿಯ ಮುಖ ಬಿಳಿಚಿಕೊಂಡಿತು. "ತೊಳೆದು... ಒಂದು ಸ್ವಲ್ಪ ತೊಳೆದು ಕೊಡ್ರಿ," ಎಂದ.

ನಂಜುಂಡಯ್ಯ ಗೊಳ್ಳೆಂದು ನಕ್ಕರು. "ಏನ್ರೀ ರಾಮಸ್ವಾಮಿ, ನುಡಿಸೋರ ಮನೆಯವರು ಹೀಗೆ ಹೇಳ್ತೀರಲ್ಲ! ರೀಡು ಒದ್ದೆ ಇದ್ದರೇ ಅಲ್ಲವೇ ದನಿ? ನುಡಿಸಿ ಸುಂದರೇಶ್, ಏನು ನಾಚಿಕೆ!"

ಎಲ್ಲರೂ ಕುರ್ಚಿ ತಿರುಗಿಸಿ ಕುಳಿತರು. ಸುಂದರೇಶ ಅಪ್ಪನನ್ನು ನೋಡಿದ. ಬೇಡವೆಂದರೆ ಸುಳ್ಳು ಬಯಲಾಗುತ್ತದೆ, ಹ್ಞೂಂ ಎಂದರೆ ಎಂಜಲು. ರಾಮಸ್ವಾಮಿಯ ಕೈ ಅಂಗಿಯ ಮೇಲಿಂದಲೇ ಜನಿವಾರ ಹುಡುಕುತ್ತಿತ್ತು. ಕೊನೆಗೆ ತಲೆಯಾಡಿಸಿದ, ಹ್ಞೂಂ ಎಂದು. ಅವನಾಗಿಯೇ, ತಾನೇ ತಲೆಯಾಡಿಸಿ!

ಸುಂದರೇಶ ಕಣ್ಣು ಬಿಗಿಯಾಗಿ ಮುಚ್ಚಿ, ಕಷಾಯ ಕುಡಿಯುವವನ ಹಾಗೆ ಮುಖ ಕಿವಿಚಿ, ನಮ್ಮವರ ಎಂಜಲಿನ ರೀಡನ್ನು ಬಾಯಿಗಿಟ್ಟುಕೊಂಡ. ಊದಿದ. ಮೊದಲು ಬರೀ ಗಾಳಿ. ಮತ್ತೆ ಊದಿದ. ಒಂದು ವಿಕಾರವಾದ ಅರಚು ಹೊಳೆಯ ಮೇಲೆಲ್ಲ ಹೋಗಿ, ಆಚೆ ದಡದ ನಾಯಿಗಳು ಬೊಗಳತೊಡಗಿದವು.

"ಯಾರ್ದೋ ಎಮ್ಮೆ ಈಯ್ತಾ ಐತೆ ಕಣ್ರಪ್ಪೋ!" ಎಂದ ಮರಿಯಯ್ಯ, ಅವನಿಗೆ ಪಾಪ ಏನೂ ಗೊತ್ತಿಲ್ಲದೆ. ಬಸವರಾಜು ನಗು ತಡೆಯಲಾರದೆ ಡ್ರಮ್ಮಿನ ಹಿಂದೆ ಬಗ್ಗಿದ. ಆ ಹುಡುಗಿ ನಗಲಿಲ್ಲ. ಸುಂದರೇಶನನ್ನೂ ಅವನ ಅಪ್ಪನನ್ನೂ ನೋಡಿ, ತಣ್ಣಗೆ ಹೋಗಿ ತನ್ನ ಕುರ್ಚಿಯಲ್ಲಿ ಕುಳಿತಳು.

ನನ್ನ ಹೊಟ್ಟೆ ತಣ್ಣಗಾಯಿತು. ಆಹಾ, ಎಷ್ಟು ತಣ್ಣಗಾಯಿತು! ಅಲ್ಲಿಗೆ ಮುಗಿಯಿತು ಎಂದುಕೊಂಡೆ.

"ಅಭ್ಯಾಸ ತಪ್ಪಿದೆ, ಅಷ್ಟೆ," ಎಂದು ರಾಮಸ್ವಾಮಿ ಬೆವರೊರೆಸಿಕೊಂಡ. ನಮ್ಮವರ ಕಡೆ ತಿರುಗಿ ಗದರಿದ, "ಏನ್ರೀ ನೋಡ್ತಾ ನಿಂತಿದ್ದೀರಿ? ತಗೊಂಡು ಊದ್ರಿ ನೀವು, ಊದ್ರಿ!"

ನಮ್ಮವರು ವಾದ್ಯವನ್ನು ವಾಪಸು ತೆಗೆದುಕೊಂಡರು. ತುದಿಯ ತಿರುಪು ಸಡಿಲಿಸಿದರು. ರೀಡನ್ನು ಎರಡೇ ಬೆರಳಿನಲ್ಲಿ, ಮೈಯಿಂದ ದೂರ ಹಿಡಿದುಕೊಂಡು ದೋಣಿಯ ಅಂಚಿಗೆ ನಡೆದರು. "ರೀ!" ಎಂದು ಕೂಗಿದೆ ನಾನು. ಅದೊಂದೇ ಇದ್ದದ್ದು, ಅದು ಹೋದರೆ ನಾಳೆ ಊದುವುದು ಯಾವುದರಲ್ಲಿ? ಅವರು ಬೆರಳು ಬಿಟ್ಟರು. ರೀಡು ಕಾವೇರಿಗೆ ಬಿತ್ತು. ಸದ್ದೂ ಆಗಲಿಲ್ಲ.

ಆಮೇಲೆ ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ವಾದ್ಯದ ತುದಿಯನ್ನು ತಿಕ್ಕಿ ತಿಕ್ಕಿ ತೊಳೆದರು.

"ಎಂಜಲಾಯ್ತು ಸ್ವಾಮಿ," ಎಂದರು ರಾಮಸ್ವಾಮಿಗೆ. "ನಿಮ್ಮ ಮನೆಯವರ ಬಾಯಿ ಬಿದ್ದದ್ದನ್ನ ನಾನು ಬಾಯಿಗಿಡೋದಿಲ್ಲ. ನಮ್ಮನೇಲೂ ದೇವರಿದ್ದಾನೆ."

"ಏನಂದ್ರಿ?" ಎಂದು ರಾಮಸ್ವಾಮಿ ಎದ್ದ. "ಯಾರ್ರೀ ನೀವು?"

"ನಾನು ಕೃಷ್ಣಸ್ವಾಮಿ. ಕಮಲನ ತಂದೆ. ನಮ್ಮ ಪಾನಕ ಮೋರಿಗೆ ಚೆಲ್ಲಿಸಿದ್ದಿರಿ."

ಆ ಹೆಸರು ಅವರ ಬಾಯಿಂದಲೇ ಬಂತು. ನಾನು ಕೊಟ್ಟ ಮಾತು ಅಲ್ಲಿಗೆ ತೀರಿತು, ನನ್ನ ನಾಲಗೆಗೂ ಬಿಡುಗಡೆಯಾಯಿತು. ಕಂಟ್ರಾಕ್ಟರನ ಎದುರಿಗೇ ಹೋಗಿ ನಿಂತೆ.

"ಗುರುತು ಸಿಕ್ಕಿತೇ ಸ್ವಾಮಿ? ಬೆರಳು ನೆಕ್ಕಿಕೊಂಡು ತಿಂದಿರಲ್ಲ, ಅದು ಎಂಜಲು ಊದೋ ಮನೆ ಅಡಿಗೆ. ಕಮಲ ಬೆಳಗ್ಗೆ ಎದ್ದು ಅರೆದುಕೊಟ್ಟ ಮಸಾಲೆ. ಇನ್ನೊಂದು ಸ್ವಲ್ಪ ಹಾಕಲೇ? ಪಕ್ಕದಲ್ಲೇ ಹೊಳೆ ಇದೆ, ಬಾಯಿ ಮುಕ್ಕಳಿಸಕ್ಕೆ ನೀರಿಗೇನೂ ಬರ ಇಲ್ಲ."

ಅವನು ತಟ್ಟೆಯನ್ನು ಆಚೆಗೆ ತಳ್ಳಿದ. ಏನು ವಿಷಯವೆಂದು ನಂಜುಂಡಯ್ಯ ಕೇಳಿದರು, ನಾನು ಹೇಳಿದೆ. ವರಪೂಜೆ, ಪಾನಕ, ಎಂಜಲು, ಎಲ್ಲವನ್ನೂ. ಕ್ಲಬ್ಬಿನ ಗಣ್ಯರು ತಟ್ಟೆ ನೋಡುತ್ತ ಕುಳಿತರು. ಆ ಹುಡುಗಿ ನನ್ನ ಕೈ ಹಿಡಿದು, "ಅವರು ಈಗ ಎಲ್ಲಿದ್ದಾರೆ?" ಎಂದಳು. "ಮನೇಲಿದ್ದಾಳಮ್ಮ. ಮಕ್ಕಳ ಲೆಕ್ಕ ತಿದ್ದುತ್ತಾ ಇರ್ತಾಳೆ," ಎಂದೆ.

"ದಡಕ್ಕೆ ಬಿಡಪ್ಪ," ಎಂದರು ನಂಜುಂಡಯ್ಯ, ಮರಿಯಯ್ಯನಿಗೆ. ರಾಮಸ್ವಾಮಿಯ ಮುಖವನ್ನು ಅವರು ಮತ್ತೆ ನೋಡಲಿಲ್ಲ. ದೋಣಿ ತಿರುಗಿತು. ಜಾಝ್ ಇಲ್ಲ, ಗಳ ನೀರಿಗೆ ಬೀಳುವ ಸದ್ದೊಂದೇ. ದೂರದಲ್ಲಿ ಬೆಟ್ಟದ ಮೇಲೆ ದೀಪ ಕಾಣುತ್ತಿತ್ತು. ನಾನು ಅಲ್ಲಿಂದಲೇ ಕೈಮುಗಿದೆ. ಮರಿಯಯ್ಯನಿಗೆ ಎಲೆ ತುಂಬ ಬಡಿಸಿದೆ.

ಮನೆಗೆ ಬಂದಾಗ ಕಮಲ ದೀಪದ ಮುಂದೆ ಪುಸ್ತಕಗಳನ್ನು ಹರಡಿಕೊಂಡು ಕುಳಿತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ. ರಾಮಸ್ವಾಮಿಯ ಸೂಟು, ಸುಂದರೇಶನ ಅರಚು, ಮರಿಯಯ್ಯನ ಎಮ್ಮೆ. ಕಮಲ ಕೇಳುತ್ತಿದ್ದಳು. ನಗಲೂ ಇಲ್ಲ, ಅಳಲೂ ಇಲ್ಲ. ರೀಡು ಕಾವೇರಿಗೆ ಬಿದ್ದದ್ದನ್ನು ಹೇಳಿದಾಗ ಮಾತ್ರ ಅಪ್ಪನ ಕಡೆ ತಿರುಗಿದಳು.

"ಆ ಒಳ್ಳೇದನ್ನೇ ಬಿಟ್ರಾ? ಅದೊಂದೇ ಇತ್ತಲ್ಲಪ್ಪಾ."

"ಹೋಗಲಿ ಬಿಡು ಮಗಳೇ," ಎಂದರು ಇವರು. ಬೆಂಚಿನ ಮೇಲೆ ಕುಳಿತು, ಬೂಟು ಬಿಚ್ಚುವುದನ್ನೂ ಮರೆತಿದ್ದರು.

ಅವಳು ಎದ್ದಳು. ವಾದ್ಯದ ಪೆಟ್ಟಿಗೆಯ ಮೂಲೆಯಲ್ಲಿದ್ದ ಹಳೆಯ ತಗಡಿನ ಡಬ್ಬಿ ತೆಗೆದಳು. ಹೆರೆದು ಸವೆದ ರೀಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಒಂದನ್ನು ಆರಿಸಿದಳು. ಬಾಯಲ್ಲಿಟ್ಟುಕೊಂಡಳು. ಕೆನ್ನೆ ಉಬ್ಬಿಸಿ, ಅಪ್ಪನ ಪಕ್ಕದಲ್ಲಿ ಕುಳಿತಳು.

ಇವರು ಪೆಟ್ಟಿಗೆಯಿಂದ ಸ್ಯಾಕ್ಸೋಫೋನು ಎತ್ತಿಕೊಂಡರು, ಮನೆಯೊಳಗೆ.

"ಏನೇ ಇದು, ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೆ?" ಎಂದೆ ನಾನು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಅವಳ ಬಾಯಲ್ಲಿ ರೀಡಿತ್ತು. ಉತ್ತರ ಬರಲಿಲ್ಲ.